ಚೌಡಿಕೆಗೆ ಒಂದು ನಮೂದು

ಬಳ್ಳಾರಿಯಲ್ಲಿ ನಾನು ಪಾಠ ಹೇಳುವ ತರಗತಿಗೆ ಒಂದು ಕೆಲಸ ಕೊಟ್ಟಿದ್ದೆ: ನಿಮ್ಮೂರಿನ ವಾದ್ಯವೊಂದರ ಬಗ್ಗೆ, ವಿಶ್ವಕೋಶಕ್ಕೆ ಆಗುವಂತೆ ಹತ್ತು ಸಾಲು ಬರೆದು ತನ್ನಿ. ಸಿರುಗುಪ್ಪ ಕಡೆಯ ಹುಡುಗಿ ತಂದದ್ದು ಒಂದೇ ಸಾಲು: ಚೌಡಿಕೆಯು ಎಲ್ಲಮ್ಮನ ಭಕ್ತರು ಬಾರಿಸುವ ಚರ್ಮವಾದ್ಯ. ಉಳಿದದ್ದೆಲ್ಲಿ ಅಂದೆ. ‘ನಮ್ಮ ದೊಡ್ಡಮ್ಮ ಬಾರಿಸ್ತಿದ್ಲು ಸಾರ್. ಅದನ್ನೆಲ್ಲ ಹೆಂಗ ಬರೀಲಿ?’ ಅಂದಳು. ಕುರುಗೋಡಿನ ಹುಡುಗ ನಡುವೆ ಬಾಯಿ ಹಾಕಿದ: ‘ಬಿಟ್ಟಿದ್ದೇ ದೊಡ್ಡದಾಗೈತಿ. ಮತ್ಯಾಕ ಬುಕ್ಕಿನಾಗ ಬರೀಬೇಕು?’ ಈ ಇಬ್ಬರ ಪ್ರಶ್ನೆಗಳೇ ಈ ಲೇಖನಕ್ಕೆ ಕಾರಣ.

ಮೊದಲು ವಾದ್ಯವನ್ನು ನೋಡೋಣ. ಕೊಳವೆಯಂಥ ಮರದ ಒಡಲು. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದಿರುತ್ತದೆ. ಚರ್ಮದ ನಡುವಿನ ತೂತಿನಿಂದ ಹೊರಟ ನರದ ತಂತಿ ಒಡಲೊಳಗಿಂದ ಹಾದು, ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿ ಸೇರುತ್ತದೆ. ಒಡಲನ್ನು ಕಂಕುಳಲ್ಲಿ ಅವುಚಿಕೊಂಡು ಸಣ್ಣ ಕಡ್ಡಿಯಿಂದ ತಂತಿ ಮೀಟುತ್ತಾರೆ. ತಂತಿ ಬಿಗಿದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಾಯಲ್ಲಿ ‘ಬಾರಿಸ್ತಾರೆ’ ಅನ್ನುತ್ತೇವೆ, ಕೈ ಮಾಡುವುದು ಮೀಟುವ ಕೆಲಸ. ಜೊತೆಗೆ ಶ್ರುತಿ, ತಾಳ.

ಹಾಗಾದರೆ ಇದು ಚರ್ಮವಾದ್ಯವೋ, ತಂತಿವಾದ್ಯವೋ? ಭರತನ ನಾಟ್ಯಶಾಸ್ತ್ರದಲ್ಲಿ ತತ, ಅವನದ್ಧ, ಘನ, ಸುಷಿರ ಅಂತ ನಾಲ್ಕೇ ಮನೆ. ಚೌಡಿಕೆಯ ಒಂದು ಕಾಲು ತತದಲ್ಲಿ, ಇನ್ನೊಂದು ಅವನದ್ಧದಲ್ಲಿ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸ್ಯಾಕ್ಸ್ ಲೋಕದ ವಾದ್ಯಗಳನ್ನೆಲ್ಲ ವಿಂಗಡಿಸಿದಾಗ ಇಂಥವಕ್ಕೆಂದೇ ‘ಮೀಟುವ ಚರ್ಮವಾದ್ಯ’ ಎಂಬ ಬೇರೆ ಗುಂಪು ಮಾಡಬೇಕಾಯಿತು. ನಾದ ಹುಟ್ಟುವುದು ತಂತಿಯಲ್ಲಿ, ಆದ್ದರಿಂದ ಇವು ತಂತಿವಾದ್ಯಗಳೇ ಎಂದು ಆಮೇಲಿನ ವಿದ್ವಾಂಸರು ತಕರಾರು ತೆಗೆದರು. ವಿಂಗಡಣೆಯನ್ನೇ ಕಂಗೆಡಿಸುವ ವಾದ್ಯಕ್ಕೆ ನಮೂದಿನ ಯೋಗ್ಯತೆ ಇದೆಯೇ ಎಂದು ಕೇಳುವುದೇ ವಿಚಿತ್ರ.

ಕನ್ನಡದಲ್ಲಿ ಕೋಶಗಳಿಗೆ ಬರವಿಲ್ಲ. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಚಂದ್ರಶೇಖರ ಕಂಬಾರರು ಸಂಪಾದಿಸಿದ ‘ಕನ್ನಡ ಜಾನಪದ ವಿಶ್ವಕೋಶ’ ಬಂದದ್ದು 1985ರಲ್ಲಿ. ನನ್ನ ತಕರಾರು ಕೋಶ ಎಂಬ ಪ್ರಕಾರದ ಬಗ್ಗೆ. ಅದು ಬರಹದ ಆಧಾರ ಕೇಳುತ್ತದೆ. ಅಕ್ಷರವನ್ನೇ ಮುಟ್ಟಗೊಡದೆ ಇಟ್ಟ ಜನರ ಹತ್ತಿರ ಬರಹದ ಆಧಾರ ಕೇಳುವುದು ಯಾವ ನ್ಯಾಯ? ಮಂಗಳವಾರ, ಶುಕ್ರವಾರ ಜೋಗ ಬೇಡುತ್ತ ಊರೂರು ತಿರುಗಿದ ಜೋಗತಿಯರ ಕೊರಳಲ್ಲಿ ಎಲ್ಲಮ್ಮನ ಇಡೀ ಕಥೆ ಇತ್ತು. ಕೊರಳು ಆಧಾರವಾಗಲಿಲ್ಲ. ‘ಭಕ್ತರು’ ಎಂಬ ಒಂದು ಪದ ಹಾಕಿದರೆ ಜಾತಿಯೂ ಮರೆಯಾಗುತ್ತದೆ, ಹೆಂಗಸೂ ಮರೆಯಾಗುತ್ತಾಳೆ.

ಇನ್ನು ಕುರುಗೋಡಿನ ಹುಡುಗನ ಮಾತು. ಅದನ್ನು ತಳ್ಳಿಹಾಕುವಂತಿಲ್ಲ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಹೊಲೆಯ, ಮಾದಿಗ ಕೇರಿಗಳ ಹೆಣ್ಣುಮಕ್ಕಳು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಆಮೇಲೂ, 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಗುರುತಿಸಿದ ಮಾಜಿ ದೇವದಾಸಿಯರು 46,660. ಇವರನ್ನು ಮರೆತು ಚೌಡಿಕೆಯನ್ನು ‘ನಮ್ಮ ಶ್ರೀಮಂತ ಪರಂಪರೆ’ ಎಂದು ವೇದಿಕೆ ಹತ್ತಿಸಿದರೆ ಅದು ಇನ್ನೊಂದು ಸಲ ಮುತ್ತು ಕಟ್ಟಿದ ಹಾಗೆಯೇ.

ಆದರೆ ಬರೆಯದೆ ಬಿಟ್ಟರೆ ಆಗುವುದೇನು? ಅನ್ಯಾಯದ ಜೊತೆಗೆ ಆಕೆಯ ವಿದ್ಯೆಯೂ ಮಣ್ಣಾಗುತ್ತದೆ. ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿ ಕಲಾವಿದೆಯೂ ಹೌದು ಎಂದು ಅಲ್ಲಿ ಸರ್ಕಾರವೇ ಒಪ್ಪಿದೆ. ಸಮೀಕ್ಷೆಯ ಪಟ್ಟಿಯಲ್ಲಿರುವ ಸಾವಿರಾರು ಜನರಲ್ಲಿ ತಂತಿಯ ಬಿಗಿ ಬಲ್ಲವರು ಎಷ್ಟಿದ್ದರೋ, ಅವರನ್ನು ಪಟ್ಟಿ ಗುರುತಿಸಿದ್ದು ‘ಮಾಜಿ ದೇವದಾಸಿ’ ಎಂದು ಮಾತ್ರ.

ಆದ್ದರಿಂದ ನನ್ನ ನಿಲುವು ಇಷ್ಟೆ. ಚೌಡಿಕೆಗೆ ನಮೂದು ಬೇಕು. ಅದರಲ್ಲಿ ಒಡಲು, ಚರ್ಮ, ತಂತಿ ಇರಲಿ. ಯಾರ ಕಂಕುಳಿಗೆ ಅದನ್ನು ಯಾರು ಕೊಟ್ಟರು ಅನ್ನುವುದೂ, 1982ರ ಕಾಯ್ದೆಯೂ ಅದೇ ನಮೂದಿನಲ್ಲಿ ಇರಲಿ, ಅಡಿಟಿಪ್ಪಣಿಯಲ್ಲಲ್ಲ.

ಹುಡುಗಿಯ ಹಾಳೆಯನ್ನು ವಾಪಸು ಕೊಟ್ಟಿದ್ದೇನೆ. ದೊಡ್ಡಮ್ಮನ ಹತ್ತಿರ ಕೂತು, ಆಕೆ ಹೇಳಿದಷ್ಟು ಬರೆದುಕೊಂಡು ಬಾ ಅಂದಿದ್ದೇನೆ. ಹೆಸರು ಹಾಕಬೇಕೋ ಬೇಡವೋ, ಅದನ್ನೂ ಆಕೆಯೇ ಹೇಳಲಿ.