ಫಿಲಿಪಿನೊ ಭಾಷೆಯ ತಿಂಗಳ ಹೆಸರುಗಳು

ಫಿಲಿಪಿನೊ ಭಾಷೆಯನ್ನು ಕಲಿಯತೊಡಗಿದವರಿಗೆ ತಿಂಗಳುಗಳ ಹೆಸರು ತೊಡಕೆನಿಸಲಾರದು. ಎನೆರೊ, ಪೆಬ್ರೆರೊ, ಮಾರ್ಸೊ, ಅಬ್ರಿಲ್, ಮಾಯೊ, ಹುನ್ಯೊ, ಹುಲ್ಯೊ, ಅಗೊಸ್ತೊ, ಸೆತ್ಯೆಂಬ್ರೆ, ಒಕ್ತುಬ್ರೆ, ನೊಬ್ಯೆಂಬ್ರೆ, ದಿಸ್ಯೆಂಬ್ರೆ - ಹನ್ನೆರಡೂ ಸ್ಪ್ಯಾನಿಷ್ ಮೂಲದವು. 1565ರಿಂದ 1898ರವರೆಗಿನ ಸ್ಪೇನಿನ ಆಳ್ವಿಕೆಯೂ ಅದರೊಡನೆ ಬಂದ ಕ್ರೈಸ್ತ ಪಂಚಾಂಗವೂ ಇವನ್ನು ಅಲ್ಲಿ ನೆಲೆಗೊಳಿಸಿದವು.

ಎರವಲು ಪದಗಳು ಬಂದಂತೆಯೇ ಉಳಿದಿಲ್ಲವೆಂಬುದು ಗಮನಾರ್ಹ. ಫಿಲಿಪಿನೊ ಭಾಷೆಗೆ ತಳಹದಿಯಾದ ತಗಾಲೊಗಿನಲ್ಲಿ ಮೂಲತಃ ಫಕಾರಧ್ವನಿಯಿಲ್ಲ. ಆದ್ದರಿಂದ ಫೆಬ್ರೆರೊ ಪೆಬ್ರೆರೊ ಆಯಿತು. ಬರಹವೂ ಉಚ್ಚಾರಣೆಯನ್ನೇ ಅನುಸರಿಸಿತು. ನಮ್ಮಲ್ಲಿ 'ಪೆಬ್ರವರಿ' ಎಂದವರನ್ನು ತಿದ್ದುವ ಪಂಡಿತರುಂಟು. ಅಲ್ಲಿ ಅಂಥದೇ ರೂಪ ಶಿಷ್ಟವೆನಿಸಿದೆ.

ಹೆಸರುಗಳು ಹೊರಗಿನವಾದರೂ 'ತಿಂಗಳು' ಎಂಬರ್ಥದ ಪದ ದೇಶ್ಯವೇ. 'ಬುವಾನ್' ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಮಲಯ ಭಾಷೆಯ 'ಬುಲಾನ್' ಇದರ ಜ್ಞಾತಿಪದ. ಕನ್ನಡದ 'ತಿಂಗಳ್' ಶಬ್ದಕ್ಕೂ ಇವೆರಡೇ ಅರ್ಥಗಳಿರುವುದನ್ನು ನಾವು ಬಲ್ಲೆವು. ಇಲ್ಲಿ ಸಂಬಂಧ ಕಲ್ಪಿಸಬೇಕಿಲ್ಲ. ಚಂದ್ರನನ್ನು ನೋಡಿ ಕಾಲವನ್ನೆಣಿಸಿದ ಜನ ಬೇರೆಬೇರೆಯಾಗಿಯೇ ಈ ಪ್ರಯೋಗಕ್ಕೆ ಬಂದಿರಬಲ್ಲರು.

ಹೀಗಿರುವಲ್ಲಿ, ಸ್ಪ್ಯಾನಿಷರಿಗೆ ಮುನ್ನ ಆ ದ್ವೀಪಗಳಲ್ಲಿ ಮಾಸಗಳಿಗೆ ಹೆಸರೇ ಇರಲಿಲ್ಲವೆಂದು ಊಹಿಸುವುದು ಸಲ್ಲದು. 1989ರಲ್ಲಿ ಲಗುನಾ ಪ್ರಾಂತದಲ್ಲಿ ದೊರೆತ, ಆಂಟೂನ್ ಪೋಸ್ಟ್‌ಮಾ ಅವರು ಓದಿ ಪ್ರಕಟಿಸಿದ ತಾಮ್ರಪಟ ಇದಕ್ಕೆ ಸಾಕ್ಷಿ. ಕವಿ ಲಿಪಿಯ ಈ ಪಟ ಒಂದು ಋಣವಿಮೋಚನೆಯ ಪತ್ರ. ಅದರ ಕಾಲನಿರ್ದೇಶ ಹೀಗಿದೆ: ಶಕವರ್ಷ 822, ವೈಶಾಖಮಾಸ, ಕೃಷ್ಣಪಕ್ಷ ಚತುರ್ಥಿ, ಸೋಮವಾರ, ಅಂದರೆ ಕ್ರಿ.ಶ. 900ರ ಏಪ್ರಿಲ್ 21. ವರ್ಷವನ್ನು ಹೇಳುವಲ್ಲಿ 'ಶಕವರ್ಷಾತೀತ' ಎಂಬ ಪದ ಬಂದಿದೆ. 'ಶಕನೃಪಕಾಲಾತೀತ' ಎಂದು ತೊಡಗುವ ನಮ್ಮ ಶಾಸನಗಳನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಆಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣನು ಆಳುತ್ತಿದ್ದನು.

ಆದರೂ ಈ ಸಾಕ್ಷ್ಯವನ್ನು ಮಿತಿಮೀರಿ ಎಳೆಯಲಾಗದು. ಪಟದ ಭಾಷೆ ಮುಖ್ಯವಾಗಿ ಹಳೆಯ ಮಲಯ. ಅದು ಅಧಿಕಾರಿವರ್ಗದ ಬರವಣಿಗೆ. ಹೊಲದಲ್ಲಿದ್ದವನೂ ವೈಶಾಖವೆಂದೇ ಕರೆಯುತ್ತಿದ್ದನೆಂದು ಇದರಿಂದ ಸಿದ್ಧವಾಗದು. ಮಿಕ್ಕ ಹನ್ನೊಂದು ಮಾಸಗಳ ಹೆಸರು ಆ ಪಟದಲ್ಲಿ ಬಂದಿಲ್ಲ.