ಚಲಚ್ಚಿತ್ರದ ಧಾರಾವಿ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಮುಂಬಯಿಗೆ ಹೋಗಿದ್ದೆ. ನನ್ನ ಸೋದರಮಾವ ಅಲ್ಲಿಯ ಧಾರಾವಿಯಲ್ಲಿ ಚರ್ಮದ ಚೀಲಗಳನ್ನು ಹೊಲಿಯುತ್ತಾರೆ. ಕಲಬುರಗಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಹಿಂದಿನ ತಲೆಮಾರಿನಲ್ಲಿಯೇ ಕೆಲವು ಮನೆಗಳವರು ಕೂಲಿಯನ್ನು ಹುಡುಕಿಕೊಂಡು ಅತ್ತ ಹೋದರು. ನಾನು ತಿರುಗಿ ಬಂದಾಗ ಹಾಸ್ಟೆಲಿನ ಗೆಳೆಯರು ಕೇಳಿದ ಮೊದಲ ಪ್ರಶ್ನೆ: “ರಾತ್ರಿ ಅಂಜಿಕಿ ಆಗಲಿಲ್ಲೇನೋ? ಗೂಂಡಾ ಮಂದಿ ಕಂಡ್ರೇನು?” ಅವರಲ್ಲಿ ಒಬ್ಬನೂ ಧಾರಾವಿಯನ್ನು ಕಂಡವನಲ್ಲ. ಆದರೂ ಅದು ಎಲ್ಲರಿಗೂ ಗೊತ್ತು! ಈ ತಿಳಿವಳಿಕೆ ಎಲ್ಲಿಂದ ಬಂತೆಂದು ವಿಚಾರಿಸಿದರೆ ಉತ್ತರ ಒಂದೇ: ಚಲಚ್ಚಿತ್ರ. ಕೂಲಿಕಾರರ ಬಡಾವಣೆಯೊಂದು ತೆರೆಯ ಮೇಲೆ ಹೇಗೆ ಮೂಡುತ್ತದೆ, ಆ ಚಿತ್ರವನ್ನು ಎಲ್ಲಿ ತೆಗೆಯುತ್ತಾರೆ, ಅದರಿಂದ ಅಲ್ಲಿರುವವರಿಗೆ ಆಗುವುದೇನು ಎಂಬುದನ್ನು ಸ್ವಲ್ಪದರಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯವಾಗಲಿ. ಪಶ್ಚಿಮ ರೈಲ್ವೆಯ ಮಾಹಿಮ್ ನಿಲ್ದಾಣಕ್ಕೂ ಮಧ್ಯ ರೈಲ್ವೆಯ ಸಾಯನ್ ನಿಲ್ದಾಣಕ್ಕೂ ನಡುವೆ, 2 ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ನೆಲದಲ್ಲಿ ಧಾರಾವಿ ಇದೆ. ಜನಸಂಖ್ಯೆಯ ಅಂದಾಜುಗಳು 7 ಲಕ್ಷದಿಂದ 10 ಲಕ್ಷದವರೆಗೆ ಹೋಗುತ್ತವೆ. ಮೂಲತಃ ಇದು ಕೋಳಿ ಜನಾಂಗದ ಬೆಸ್ತರ ಹಳ್ಳಿ. ಕೋಳಿವಾಡ ಎಂಬ ಹೆಸರು ಇಂದಿಗೂ ಉಳಿದಿದೆ. ಸೌರಾಷ್ಟ್ರದ ಕುಂಬಾರರು ಬಂದು ಕುಂಭಾರವಾಡವನ್ನು ಕಟ್ಟಿದರು. ತಮಿಳುನಾಡಿನವರು ಚರ್ಮ ಹದಮಾಡುವ ಕಸಬನ್ನು ತಂದರು. ಉತ್ತರ ಪ್ರದೇಶದವರು ಕಸೂತಿಗೆ ಕುಳಿತರು. ಹದಮಾಡುವ ಕೆಲಸ ಈಗ ಬಹುಮಟ್ಟಿಗೆ ನಿಂತಿದೆ. ಚೀಲ, ಪಟ್ಟಿ, ಪಾಕೀಟುಗಳ ಹೊಲಿಗೆ ನಡೆದೇ ಇದೆ. ಒಂದು ಓಣಿಯಲ್ಲಿ ಹಪ್ಪಳ ಒಣಗುತ್ತಿದ್ದರೆ ಇನ್ನೊಂದರಲ್ಲಿ ಹಳೆಯ ಪ್ಲಾಸ್ಟಿಕ್ಕನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿರುತ್ತಾರೆ. ನಮ್ಮ ಮಾವ ಬೆಳಿಗ್ಗೆ ಏಣಿ ಹತ್ತಿ ಅಟ್ಟದ ಮೇಲಿನ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಇಳಿಯುವುದು ರಾತ್ರಿಗೇ. ಕೂಲಿ ನಗಕ್ಕಿಷ್ಟೆಂದು. ನಾನಿದ್ದ ಹದಿನೆಂಟು ದಿನಗಳಲ್ಲಿ ಗೂಂಡಾಗಳನ್ನು ಕಾಣಲಿಲ್ಲ. ನಿದ್ದೆಗೆಟ್ಟ ಕೆಲಸಗಾರರನ್ನು ಮಾತ್ರ ಕಂಡೆ.

ಇನ್ನು ಚಿತ್ರಗಳ ವಿಷಯ. ನಾವು ತೆರೆಯ ಮೇಲೆ ಕಂಡ ಧಾರಾವಿ ಎಷ್ಟೋ ಸಲ ಧಾರಾವಿಯೇ ಅಲ್ಲ. 1987ರಲ್ಲಿ ಮಣಿರತ್ನಂ ನಿರ್ದೇಶಿಸಿದ ‘ನಾಯಕನ್’ ಚಿತ್ರಕ್ಕೆ ಪ್ರೇರಣೆ ಮುಂಬಯಿಯ ವರದರಾಜ ಮುದಲಿಯಾರನ ಜೀವನ. ಆದರೆ ಅದರ ಓಣಿಗಳನ್ನು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋದೊಳಗೆ ಕಲಾ ನಿರ್ದೇಶಕ ತೋಟಾ ತರಣಿಯವರು ಕಟ್ಟಿದರು. ಅದಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. 2018ರ ‘ಕಾಲಾ’ ಚಿತ್ರಕ್ಕೂ ಚೆನ್ನೈ ಬಳಿ ದೊಡ್ಡ ಧಾರಾವಿಯೊಂದನ್ನು ನಿರ್ಮಿಸಿದ್ದರು. ಇದಕ್ಕೆ ಕಾರಣವೂ ಇಲ್ಲದಿಲ್ಲ. ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಒತ್ತಿ ನಿಲ್ಲಬೇಕಾದ ಓಣಿಯಲ್ಲಿ ಕ್ಯಾಮೆರಾ, ದೀಪ, ತಂತಿಗಳನ್ನು ಇಡುವುದೆಲ್ಲಿ? ರಜನೀಕಾಂತರಂಥ ನಟರು ಬಂದರೆ ಜನಸಂದಣಿಯನ್ನು ತಡೆಯುವವರಾರು? ಆದರೆ ಕಟ್ಟಿದ ಓಣಿಯಲ್ಲಿ ಕಥೆಗೆ ಬೇಕಾದುದು ಮಾತ್ರ ಇರುತ್ತದೆ. ಬೇಡವಾದ ಹಪ್ಪಳ ಅಲ್ಲಿ ಒಣಗುವುದಿಲ್ಲ.

ನಿಜವಾದ ಸ್ಥಳದಲ್ಲಿ ತೆಗೆದ ಚಿತ್ರಗಳೂ ಉಂಟು. ಡ್ಯಾನಿ ಬಾಯ್ಲ್ ಅವರ ‘ಸ್ಲಮ್‌ಡಾಗ್ ಮಿಲಿಯನೇರ್’ (2008) ಧಾರಾವಿಯಲ್ಲಿಯೂ ಜುಹುವಿನ ಕೊಳೆಗೇರಿಗಳಲ್ಲಿಯೂ ಚಿತ್ರಿತವಾಗಿ, 2009ರಲ್ಲಿ 8 ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಎರಡು ಬೇರೆ ಬೇರೆ ಸ್ಥಳಗಳು ತೆರೆಯ ಮೇಲೆ ಒಂದೇ ಆದುವು. ಹೆಸರಿನಲ್ಲಿದ್ದ ‘ನಾಯಿ’ ಎಂಬ ಮಾತಿಗೆ ಕೊಳೆಗೇರಿಯ ನಿವಾಸಿಗಳು ಪ್ರತಿಭಟಿಸಿದರು. 2019ರ ‘ಗಲ್ಲಿ ಬಾಯ್’ ಚಿತ್ರದ ವಿಷಯ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಪ್ರೇರಣೆಯಾದ ನೇಜಿ ಎಂಬ ರ‍್ಯಾಪ್ ಗಾಯಕ ಕುರ್ಲಾದವರು, ಡಿವೈನ್ ಎಂಬವರು ಅಂಧೇರಿಯವರು. ಚಿತ್ರದ ನಾಯಕ ಮಾತ್ರ ಧಾರಾವಿಯ ಹುಡುಗ! ಬಡತನವೆಂದೊಡನೆ ಜನಕ್ಕೆ ಗುರುತು ಹತ್ತುವ ಹೆಸರು ಅದೊಂದೇ ಆಗಿಬಿಟ್ಟಿದೆ.

ಹೀಗೆ ಎರಕದ ಅಚ್ಚೊಂದು ಸಿದ್ಧವಾಗಿದೆ. ಅದರ ಲಕ್ಷಣಗಳು ಮೂರು. ಮೊದಲನೆಯದು, ಮೇಲಿನಿಂದ ನೋಡುವ ನೋಟ: ತಗಡಿನ ಮಾಡುಗಳ ಸಾಲು ಕಾಣುತ್ತದೆ, ಅವುಗಳ ಕೆಳಗಿನ ಕೆಲಸ ಕಾಣುವುದಿಲ್ಲ. ಎರಡನೆಯದು, ಪಾತ್ರಗಳ ಹಂಚಿಕೆ: ಒಬ್ಬ ದಾದಾ, ಒಬ್ಬ ಕುಡುಕ ತಂದೆ, ಒಬ್ಬಳು ಅಳುವ ತಾಯಿ. ಮೂರನೆಯದು, ಮುಕ್ತಾಯ: ನಾಯಕ ಅಲ್ಲಿಂದ ಪಾರಾಗಿ ಹೋದರೆ ಅದೇ ಸುಖಾಂತ, ಹಿಂದೆ ಉಳಿದ ಲಕ್ಷಾಂತರ ಜನರ ಬಾಳೆಲ್ಲ ಸೋಲೆಂದೇ ಅದರರ್ಥ. ಈ ಅಚ್ಚನ್ನು ಒಡೆದವರೂ ಇಲ್ಲದಿಲ್ಲ. ಸುಧೀರ್ ಮಿಶ್ರಾ ಅವರ ‘ಧಾರಾವಿ’ಯಲ್ಲಿ (1992) ಓಂ ಪುರಿ ಸ್ವಂತ ಕಾರಖಾನೆಯ ಕನಸು ಕಾಣುವ ಟ್ಯಾಕ್ಸಿ ಚಾಲಕ. ‘ಕಾಲಾ’ದಲ್ಲಿಯೂ ಸೆಟ್ಟು ಕೃತಕವಾದರೂ ನೆಲ ಯಾರದೆಂಬ ಪ್ರಶ್ನೆ ನಿಜವಾದದ್ದು. ಆದುದರಿಂದ ನಿಜವಾದ ಓಣಿಯಲ್ಲಿ ತೆಗೆದ ಮಾತ್ರಕ್ಕೆ ಚಿತ್ರ ನಿಜವಾಗದು, ಸ್ಟುಡಿಯೋದಲ್ಲಿ ತೆಗೆದ ಮಾತ್ರಕ್ಕೆ ಸುಳ್ಳೂ ಆಗದು.

ಹಾಗಾದರೆ ಅಲ್ಲಿ ಕೊಳೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಶೌಚಾಲಯಕ್ಕೆ ಸಾಲು ನಿಲ್ಲಬೇಕು. ನೀರಿಗೆ ಹೊತ್ತು ಕಾಯಬೇಕು. ನಾನು ಇದನ್ನೇ ಮಾವನ ಮುಂದೆ ಆಡಿದಾಗ ಅವರು ಸೂಜಿಯಿಂದ ಕಣ್ಣೆತ್ತದೆ ಹೇಳಿದರು: “ಹೊಲಸು ಅದ, ಇಲ್ಲಂತ ಯಾರಂದಾರ? ಆದ್ರ ಸಿನಿಮಾದಾಗ ನಮ್ಮ ಗಟಾರ ತೋರಸ್ತಾರ, ನಮ್ಮ ಕೈ ತೋರಸಂಗಿಲ್ಲ.” ಅನ್ನ ಬೆಂದಿತೋ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಊರೆಂಬುದು ಒಂದೇ ಉರಿಯಲ್ಲಿ ಬೇಯುವ ಅನ್ನವಲ್ಲ.

ಇದು ಬರಿಯ ಅಭಿಮಾನದ ಮಾತೂ ಅಲ್ಲ. ಮಾವನ ಮಗಳು 12ನೆಯ ತರಗತಿ ಮುಗಿಸಿ ಅಂಗಡಿಯೊಂದರ ಕೆಲಸಕ್ಕೆ ಅರ್ಜಿ ಹಾಕಿದಳು, ವಿಳಾಸದಲ್ಲಿ ಧಾರಾವಿ ಎಂದಿತ್ತು, ಉತ್ತರ ಬರಲಿಲ್ಲ. ಇನ್ನೊಂದು ಅಂಗಡಿಗೆ ಬರೆಯುವಾಗ ಸಾಯನ್ ಎಂದು ಬರೆದಳು, ಕರೆ ಬಂತು. ಕಾಕತಾಳೀಯವೂ ಇರಬಹುದು. ಆದರೆ ಅವಳು ಅಂದಿನಿಂದ ಧಾರಾವಿ ಎಂದು ಬರೆಯುವುದನ್ನು ಬಿಟ್ಟಿದ್ದಾಳೆ. 2022ರಲ್ಲಿ ಅಲ್ಲಿಯ ಪುನರಭಿವೃದ್ಧಿಯ ಟೆಂಡರು ಖಾಸಗಿ ಸಂಸ್ಥೆಯೊಂದಕ್ಕೆ ದೊರೆತಿದೆ. ಧಾರಾವಿ ಬರಿಯ ಕೊಳೆಯೆಂದು ನಂಬಿದವನಿಗೆ ಅದನ್ನು ಕೆಡವುವುದೇ ಉಪಕಾರವಾಗಿ ಕಾಣುತ್ತದೆ. ಅದು ದುಡಿಮೆಯ ಸ್ಥಳವೆಂದು ಬಲ್ಲವನು ಮಾತ್ರ ಕುಂಬಾರನ ಆವಿಗೆ ಎಲ್ಲಿಗೆ ಹೋಗಬೇಕು, ಹೊಲಿಗೆಯ ಅಟ್ಟ ಎಲ್ಲಿಗೆ ಹೋಗಬೇಕು ಎಂದು ಕೇಳಿಯಾನು. 2020ರ ಜುಲೈನಲ್ಲಿ ಕೋವಿಡ್ ರೋಗವನ್ನು ಹಿಡಿತಕ್ಕೆ ತಂದುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯನ್ನು ಉದಾಹರಿಸಿದರು. ಹಾಸ್ಟೆಲಿನಲ್ಲಿ ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಪ್ರಥಮ ವರ್ಷದಲ್ಲಿ ಅಧ್ಯಾಪಕರೊಬ್ಬರು ನನ್ನ ಓದಿಗೆ ಹಣ ಕಳಿಸುವವರಾರೆಂದು ವಿಚಾರಿಸಿದಾಗ, “ಮುಂಬಯಿಯಲ್ಲಿ ಮಾವ ಇದ್ದಾರೆ, ಸರ್” ಎಂದೆ, ಧಾರಾವಿ ಎನ್ನಲಿಲ್ಲ. ನಮ್ಮ ಮನೆತನದಲ್ಲಿ ಪದವಿಯ ಬಾಗಿಲಿಗೆ ಬಂದವನು ನಾನೇ ಮೊದಲಿಗ. ನನ್ನ ಮೂರು ವರ್ಷಗಳ ಶುಲ್ಕ ಆ ಅಟ್ಟದ ಮೇಲೆ, ನಗಕ್ಕಿಷ್ಟೆಂಬ ಲೆಕ್ಕದಲ್ಲಿ ಹೊಲಿಯಲ್ಪಟ್ಟದ್ದು. ಅಂದು ನುಂಗಿದ ಆ ಹೆಸರನ್ನು ಇಂದು ನಮ್ಮ ಕಾಲೇಜಿನ ಈ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಿನಲ್ಲಿಯೇ ಹೇಳುತ್ತಿದ್ದೇನೆ. ಸಂಚಿಕೆಯ ಒಂದು ಪ್ರತಿಯನ್ನು ಮಾವನಿಗೆ ಕಳಿಸುವೆನು. ಲಕೋಟೆಯ ಮೇಲೆ ಧಾರಾವಿ ಎಂದೇ ಬರೆಯುವೆನು.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ