ಹದಿನಾರು ಮುಖದ ಚಾವಡಿ, ಐದು ಹುಟ್ಟಿನ ದೋಣಿ

ಹೆಡತಲೆಗೆ ಬರುವವರು ದೇವರಿಗಿಂತ ಮೊದಲು ಚಾವಡಿ ಎಲ್ಲಿ ಎಂದು ಕೇಳುತ್ತಾರಂತೆ. ಲಕ್ಷ್ಮೀಕಾಂತನ ಗುಡಿಗೆ ಸೇರಿದ ಹದಿನಾರು ಮುಖದ ಚಾವಡಿ ಅದು. ಅಂಚು ನೇರಕ್ಕೆ ಹೋಗದೆ ಮಡಚಿ ಮಡಚಿ ಸುತ್ತುತ್ತದೆ. ಅಲ್ಲೇ ಕೂತಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಕೇಳುವ ಮೊದಲೇ ಕತೆ ಶುರು ಮಾಡಿದರು.

‘ಈ ಸೀಮೆ ಆಳ್ತಿದ್ದ ಭೀಮಣ್ಣನಾಯಕಂಗೆ ಹದಿನಾರು ಜನ ಅಳಿಯಂದ್ರು ಕಣಪ್ಪ. ಒಬ್ಬನ್ನ ಮುಂದ್ಕೆ ಕೂರ್ಸುದ್ರೆ ಇನ್ನೊಬ್ಬಂಗೆ ಮುನಿಸು. ಅದ್ಕೇ ಹದಿನಾರು ಮುಖ ಮಾಡ್ಸುದ. ಯಾರು ಎಲ್ಲಿ ಕೂತ್ರೂ ಅವ್ನೇ ಮುಂದೆ!’

ನಂಜನಗೂಡು ತಾಲ್ಲೂಕಿನ ಈ ಊರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇದೆ. ಗುಡಿ ತ್ರಿಕೂಟ, ಲಕ್ಷ್ಮೀಕಾಂತನ ಜೊತೆ ಲಕ್ಷ್ಮೀನರಸಿಂಹ ಮತ್ತು ವೇಣುಗೋಪಾಲ ನೆಲೆಸಿದ್ದಾರೆ. ಹೊಯ್ಸಳರ ಕಾಲದ್ದು ಎನ್ನುತ್ತಾರೆ.

ನಾನು ಹೋದ ದಿನ ಚಾವಡಿಯ ತುಂಬ ಹುಡುಗ ಹುಡುಗಿಯರಿದ್ದರು. ಮೈಸೂರಿನ ಕಾಲೇಜುಗಳಲ್ಲಿ ಓದುವ, ಎನ್‌ಸಿಸಿ ನೌಕಾದಳದ ಕೆಡೆಟ್‌ಗಳು. ಅವರಲ್ಲೊಬ್ಬಳ ತಾಯಿಯ ತವರು ಈ ಊರೇ. ಗುಡಿ ತೋರಿಸಲು ಗೆಳೆಯರನ್ನು ಕರೆತಂದಿದ್ದಳು. ಹಿರಿಯರ ಕತೆ ಮುಗಿಯುತ್ತಿದ್ದಂತೆ, ‘ತಾತ, ನಮ್ಮ ದೋಣೀಲಿ ಹಂಗೆ ನಡೆಯಲ್ಲ, ಅಲ್ಲಿ ಹುಟ್ಟು ಹಾಕೋ ಯಾರಿಗೂ ಮುಂದೆ ಅನ್ನೋದೇ ಕಾಣ್ಸಲ್ಲ’ ಎಂದಳು. ಗುಡಿ ನೋಡಲು ಹೋದ ನಾನು ಆಮೇಲೆ ಕೇಳಿದ್ದೆಲ್ಲ ದೋಣಿಯ ಮಾತು.

ಅವರು ಕಲಿಯುವುದು ವೇಲರ್ ಎಂಬ ದೋಣಿಯಲ್ಲಿ. ಉದ್ದ 27 ಅಡಿ. ಐದು ಹುಟ್ಟು, ಒಂದು ಹುಟ್ಟಿಗೆ ಒಬ್ಬರು: ಒಂದು ಬದಿಗೆ ಮೂವರು, ಇನ್ನೊಂದು ಬದಿಗೆ ಇಬ್ಬರು. ಹುಟ್ಟು ಹಾಕುವ ಐವರೂ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ದಾರಿ ಕಾಣುವುದು ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದ ಕಾಕ್ಸನ್‌ಗೆ ಮಾತ್ರ. ಕಾಕ್ಸನ್‌ಗೆ ಹತ್ತಿರ ಕೂತವರನ್ನು ಸ್ಟ್ರೋಕ್ ಎನ್ನುತ್ತಾರೆ. ಅವರು ಎಳೆದ ಲಯಕ್ಕೆ ಉಳಿದವರು ಎಳೆಯಬೇಕು.

‘ಸ್ಟ್ರೋಕ್ ಅಂದ್ರೆ ಬಲಶಾಲಿ ಕೂರೋ ಜಾಗ ಅಂದ್ಕೊಂಡಿದ್ದೆ ಸರ್. ಜೋರಾಗಿ ಎಳೆದೆ. ಹಿಂದಿನವಳ ಹುಟ್ಟು ನೀರಲ್ಲಿ ಸಿಕ್ಕೊಂಡು ಹಿಡಿ ಬಂದು ಎದೆಗೆ ಬಡೀತು. ದೋಣಿ ಅಡ್ಡಡ್ಡ ತಿರುಗ್ತು. ಅವತ್ತಿಂದ ನನ್ನ ಕೆಲಸ ಎಳೆಯೋದಲ್ಲ, ಎಲ್ಲರಿಗೂ ಆಗೋ ಹಂಗೆ ಎಳೆಯೋದು’ ಎಂದ ಎತ್ತರದ ಹುಡುಗನ ಮುಖದಲ್ಲಿ ಆ ದಿನದ ನಾಚಿಕೆ ಇನ್ನೂ ಇತ್ತು. ಅವರೊಳಗೆ ಬೇರೆ ಬೇರೆ ಜಾತಿಯವರಿದ್ದರು, ಹಾಸ್ಟೆಲ್‌ನವರೂ ಇದ್ದರು, ಸ್ವಂತ ಮನೆಯವರೂ ಇದ್ದರು. ಭೀಮಣ್ಣನಾಯಕ ಜಗಳ ತಪ್ಪಿಸಲು ಎಲ್ಲರಿಗೂ ಒಂದೊಂದು ಮುಖ ಕೊಟ್ಟ. ದೋಣಿ ಎಲ್ಲರ ಕೈಗೂ ಕೆಲಸ ಕೊಡುತ್ತದೆ. ನನಗೆ ಎರಡನೆಯದೇ ಗಟ್ಟಿ ಉಪಾಯ ಅನಿಸಿತು.

ಇವರ ಕಣ್ಣೆಲ್ಲ ಕೊಚ್ಚಿಯ ಮೇಲೆ. ನೌಕಾಪಡೆಯ ಹಾಯಿ ತರಬೇತಿ ಹಡಗುಗಳಾದ ‘ತರಂಗಿಣಿ’, ‘ಸುದರ್ಶಿನಿ’ ಇರುವುದು ಅಲ್ಲಿ. ಎರಡೂ ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ, 54 ಮೀಟರ್ ಉದ್ದದ, ಮೂರು ಕಂಬ ಇಪ್ಪತ್ತು ಹಾಯಿಗಳ ಹಡಗುಗಳು. 1997ರಲ್ಲಿ ಪಡೆ ಸೇರಿದ ತರಂಗಿಣಿ 2003–04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ಸುದರ್ಶಿನಿ ಸೇರಿದ್ದು 2012ರಲ್ಲಿ. ಅಧಿಕಾರಿಗಳಾಗಲಿರುವ ಯುವಕ ಯುವತಿಯರು ಕಂಬ ಹತ್ತಿ ಹಾಯಿ ಬಿಚ್ಚುತ್ತಾರೆ, ಸಾಲಾಗಿ ನಿಂತು ಹಗ್ಗ ಜಗ್ಗುತ್ತಾರೆ. ಕ್ಷಿಪಣಿ, ರಾಡಾರ್ ಬಂದ ಕಾಲದಲ್ಲೂ ನೌಕಾಪಡೆ ಇದನ್ನು ಬಿಟ್ಟಿಲ್ಲ. ಒಬ್ಬನೇ ಎತ್ತಲಾಗದ ಹಾಯಿ ಕಲಿಸುವುದನ್ನು ಗುಂಡಿ ಒತ್ತಿ ಕಲಿಸಲಾಗದು.

ಇನ್ನೊಬ್ಬ ಹುಡುಗ ಮೊಬೈಲಿನಲ್ಲಿ ‘ಕೌಂಡಿನ್ಯ’ದ ಚಿತ್ರ ತೋರಿಸಿದ. ಅಜಂತಾದ ಭಿತ್ತಿಚಿತ್ರ ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ಈ ಹಾಯಿ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆ ಸೇರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಹಾಯಿಯ ಮೇಲೆ ಗಂಡಭೇರುಂಡ. ‘ನಮ್ಮ ಮಹಾರಾಜ್ರುದು!’ ಎಂದು ಹಿರಿಯರು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡರು.

ಹೆಡತಲೆಯ ಸುತ್ತಿನ ಹಳ್ಳಿಗಳ ಮಕ್ಕಳಿಗೆ ಇದೆಲ್ಲ ದೂರವೇ ಉಳಿದಿದೆ ಎಂಬುದು ನನ್ನ ನೋವು. ಈ ಸೀಮೆಗೆ ಕಪಿಲೆ ಇದ್ದಾಳೆ. ನರಸೀಪುರದಲ್ಲಿ ಅವಳು ಕಾವೇರಿಯನ್ನು ಸೇರುತ್ತಾಳೆ. ಆದರೆ ಹೊಳೆಯ ಬಗ್ಗೆ ಮಕ್ಕಳು ಮನೆಯಲ್ಲಿ ಕೇಳುವ ಮಾತು ‘ನೀರಿಗೆ ಇಳೀಬೇಡ’ ಎಂಬುದೊಂದೇ. ಪ್ರತಿ ಬೇಸಿಗೆಯಲ್ಲೂ ಮುಳುಗಿದವರ ಸುದ್ದಿ ಓದುವ ತಾಯಂದಿರನ್ನು ದೂರಲಾರೆ. ಈಜು ಕಲಿಸುವವರಿಲ್ಲದೆ, ಜೀವರಕ್ಷಕ ಜಾಕೆಟ್ ಇಲ್ಲದೆ ಮಕ್ಕಳು ಕದ್ದು ನೀರಿಗೆ ಇಳಿಯುತ್ತಾರೆ. ದೋಣಿ ಕಲಿಯಬೇಕಾದರೆ ಮೈಸೂರಿನ ಕಾಲೇಜು ಸೇರಿ, ಅಲ್ಲಿ ನೌಕಾದಳದ ಎನ್‌ಸಿಸಿ ಇದ್ದು, ಅದರಲ್ಲಿ ಸೀಟೂ ಸಿಗಬೇಕು.

ಇದೇ ಸೀಮೆಯ ಸುತ್ತೂರು ಜಾತ್ರೆಯಲ್ಲಿ ಕಪಿಲೆಯ ಮೇಲೆ ದೋಣಿವಿಹಾರ ನಡೆಯುತ್ತದೆ; ಜನ ಸಾಲುಗಟ್ಟಿ ಹತ್ತುತ್ತಾರೆ. ಜಾತ್ರೆಗೆ ಆಗುವುದು ಬೇಸಿಗೆ ರಜೆಗೇಕೆ ಆಗಬಾರದು? ನೀರು ಶಾಂತವಾಗಿರುವ ಕಡೆ ಒಂದು ವೇಲರ್, ಇಬ್ಬರು ತರಬೇತುದಾರರು, ಹತ್ತಿಪ್ಪತ್ತು ಜಾಕೆಟ್. ಮೊದಲು ಈಜು, ಆಮೇಲೆ ಹುಟ್ಟು. ಜಿಲ್ಲಾಡಳಿತ ಮನಸ್ಸು ಮಾಡಿದರೆ ದೊಡ್ಡ ಖರ್ಚಲ್ಲ.

ಈ ಮಾತು ಎತ್ತಿದಾಗ ಕೆಡೆಟ್ ಹುಡುಗಿ, ‘ನಮ್ಮ ಮಾವನ ಮಕ್ಕಳು ಇಲ್ಲೇ ಓದ್ತಿದ್ದಾರೆ ಸರ್, ಅವರಿಗೆ ಈಜು ನಾನೇ ಹೇಳಿಕೊಡ್ತೀನಿ, ದೋಣಿ ಮಾತ್ರ ನೀವು ಬರೀರಿ’ ಎಂದಳು. ಅದಕ್ಕೇ ಬರೆದಿದ್ದೇನೆ.